ಅರ್ಧಕ್ಕೆ ನಿಂತ ಸ್ಟುಡಿಯೋ ಮುಗಿಸೋದು ಹೇಗೆ?

ಕಂಪ್ಯೂಟರ್ ಇದೆ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಇದೆ, ಒಂದು ಕಂಡೆನ್ಸರ್ ಮೈಕಿದೆ, ಗೋಡೆಗೆ ಅಂಟಿಸಿದ ನಾಲ್ಕಾರು ಫೋಮ್ ತುಂಡುಗಳಿವೆ. ನಮ್ಮ ಕಡೆ ಸ್ವಂತ ದುಡ್ಡಿನಲ್ಲಿ ಮಾಡಿದ ಸ್ಟುಡಿಯೋಗಳು ಬಹುತೇಕ ಇಲ್ಲಿಗೆ ಬಂದು ನಿಂತುಬಿಡುತ್ತವೆ. ಕೆಲಸ ನಡೆಯುತ್ತದೆ, ಇಲ್ಲ ಅಂತಲ್ಲ. ಆದರೆ ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಟೇಕ್ ಹೋಯಿತು. ಏಪ್ರಿಲ್‌ನಲ್ಲಿ ಫ್ಯಾನ್ ಆಫ್ ಮಾಡಿ ಹಾಡಿಸಿದರೆ ಎರಡನೇ ಚರಣಕ್ಕೆ ಹಾಡುವವರ ಅಂಗಿ ಒದ್ದೆ. ಮಿಕ್ಸ್ ಮಾಡಿದ್ದು ಇಲ್ಲಿ ಕೇಳಿದರೆ ಚೆನ್ನಾಗಿರುತ್ತದೆ, ಕಾರಿನಲ್ಲಿ ಹಾಕಿದರೆ ಬೇಸ್ ಗುಂಯ್ ಅನ್ನುತ್ತದೆ.

ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡಿದ ಕೂಡಲೇ ಹೊಸ ಮೈಕಿನ ಮೇಲೆ ಕಣ್ಣು ಹೋಗುತ್ತದೆ. ಸಹಜ. ಆದರೂ ಆ ದುಡ್ಡಿನಲ್ಲಿ ಮೊದಲು ರೂಮು ಮುಗಿಸಿ. ಅದೂ ನಿಮ್ಮಲ್ಲಿಗೆ ಯಾರು ಹಾಡೋಕೆ ಬರುತ್ತಾರೋ ಅವರಿಗೆ ಒಪ್ಪುವ ಹಾಗೆ ಮುಗಿಸಿ.

ನಾನು ಮಂಡ್ಯದವನು. ಮೊದಲು ಊರೂರಿನ ಪೌರಾಣಿಕ ನಾಟಕಗಳಿಗೆ ಮೈಕ್ ಸೆಟ್ ಹಾಕುತ್ತಿದ್ದೆ. ಈಗ ಮನೆಯ ಮಹಡಿ ಮೇಲೆ ಸ್ಟುಡಿಯೋ ನಡೆಸುತ್ತೇನೆ. ನನ್ನ ಹತ್ತಿರ ಬರುವವರು ನಾಟಕದ ಪಾತ್ರಧಾರಿಗಳು, ಹಾರ್ಮೋನಿಯಂ ಮೇಷ್ಟ್ರುಗಳು, ಕಂಸಾಳೆಯವರು, ತಮಟೆಯವರು, ಭಜನೆ ಮಂಡಳಿಯ ಹೆಂಗಸರು. ಇತ್ತೀಚೆಗೆ ರ‍್ಯಾಪ್ ಮಾಡುವ ಕಾಲೇಜು ಹುಡುಗರೂ ಬರುತ್ತಾರೆ. ವಿಡಿಯೋಗಳಲ್ಲಿ ತೋರಿಸುವ ಸ್ಟುಡಿಯೋಗಳಲ್ಲಿ ಇವರ್ಯಾರೂ ಇರಲ್ಲ. ಅಲ್ಲಿ ಒಬ್ಬ ಗಿಟಾರ್ ಹಿಡಿದು ಸ್ಟೂಲಿನ ಮೇಲೆ ಕೂತಿರುತ್ತಾನೆ, ಅಷ್ಟೇ.

"ಮನೆಯಲ್ಲಿ ಎಂಥ ಸ್ಟುಡಿಯೋ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ದರು. 'ಆಕಾಶವಾಣಿ' ಅನ್ನೋ ಹೆಸರು ನಡೆದುಬಂದಿದ್ದು ಅಲ್ಲಿಂದಲೇ. ಹಾಗಾಗಿ ಮನೆ ಅನ್ನೋದಕ್ಕೆ ತಲೆ ತಗ್ಗಿಸಬೇಕಾಗಿಲ್ಲ.

ಮೊದಲು ಸುಮ್ನೆ ಕೇಳಿಸಿಕೊಳ್ಳಿ

ಗಾರೆ ಕೆಲಸದವರನ್ನು ಕರೆಯುವ ಮುಂಚೆ, ಖಾಲಿ ರೂಮಿನಲ್ಲಿ ಮೈಕ್ ಇಟ್ಟು ಬೆಳಗಿನಿಂದ ರಾತ್ರಿವರೆಗೆ ರೆಕಾರ್ಡ್ ಮಾಡಿ. ಕೆಲಸದ ದಿನ ಒಂದು ಸಲ, ಭಾನುವಾರ ಒಂದು ಸಲ. ಆಮೇಲೆ ಅಲೆಗಳು ಎದ್ದ ಜಾಗ ನೋಡಿ, ಆ ಸದ್ದು ಏನು ಅಂತ ಒಂದು ಹಾಳೆಯಲ್ಲಿ ಬರೆದಿಡಿ.

ಸದ್ದಿನಲ್ಲಿ ಎರಡು ಜಾತಿ. ಕುಕ್ಕರ್, ಹಾರ್ನ್, ಕೋಗಿಲೆ, ಮಕ್ಕಳ ಗಲಾಟೆ, ಇವು ತೆಳು ಸದ್ದು. ಸಂದಿಯಲ್ಲಿ ನುಸುಳಿ ಬರುತ್ತವೆ. ಸಂದಿ ಮುಚ್ಚಿದರೆ ಮುಕ್ಕಾಲು ಪಾಲು ನಿಲ್ಲುತ್ತವೆ, ಖರ್ಚೂ ಕಡಿಮೆ. ಟ್ರ್ಯಾಕ್ಟರ್, ರೈಲು, ಜನರೇಟರ್, ಇವು ದಪ್ಪ ಸದ್ದು. ಗೋಡೆಯನ್ನೇ ಅಲ್ಲಾಡಿಸಿ ಒಳಗೆ ಬರುತ್ತವೆ. ಇವನ್ನು ತಡೆಯೋಕೆ ತೂಕ ಬೇಕು, ಗೋಡೆಗೂ ಗೋಡೆಗೂ ನಡುವೆ ಅಂತರ ಬೇಕು, ದುಡ್ಡು ಬೇಕು.

ನಮ್ಮಲ್ಲಿ ಕಬ್ಬು ಅರೆಯುವ ಹಂಗಾಮು ಶುರುವಾದರೆ ಕೇಳೋದೇ ಬೇಡ. ಟ್ರ್ಯಾಕ್ಟರ್ ಎಂಜಿನ್ನಿನ ಸದ್ದು ಒಂದು, ಡ್ರೈವರ್ ಹಾಕಿಕೊಂಡ ಹಾಡಿನ ಸದ್ದು ಇನ್ನೊಂದು. ಮೇಲಿಂದ ಬೆಂಗಳೂರು–ಮೈಸೂರು ರೈಲು. ರೈಲಿಗೋಸ್ಕರ ನಾನು ಗೋಡೆ ಮೇಲೆ ಗೋಡೆ ಕಟ್ಟಲಿಲ್ಲ. ರೈಲು ಹೋಗುವ ಹೊತ್ತನ್ನು ಬರೆದು ಬಾಗಿಲ ಪಕ್ಕ ಅಂಟಿಸಿದ್ದೇನೆ. ಆ ಹೊತ್ತಿಗೆ ಟೀ ಕುಡಿಯುತ್ತೇವೆ. ಎಲ್ಲಾ ಸದ್ದಿಗೂ ದುಡ್ಡು ಸುರಿಯಬೇಕು ಅಂತೇನಿಲ್ಲ, ದಿನಕ್ಕೆ ಹತ್ತು ನಿಮಿಷದ ಸದ್ದಿಗೆ ಲಕ್ಷ ಯಾಕೆ ಹಾಕಬೇಕು?

ಹೊರಗಿನ ಸದ್ದು ಒಳಗೆ ಬರೋದು ನಮ್ಮ ತಾಪತ್ರಯ. ಒಳಗಿನ ಸದ್ದು ಹೊರಗೆ ಹೋದರೆ ಅದು ಅಕ್ಕಪಕ್ಕದವರದ್ದು. ವಸತಿ ಪ್ರದೇಶಕ್ಕೆ ಕಾನೂನಿನ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ತಮಟೆಯ ಹತ್ತಿರ ನಿಂತರೆ 100 ದಾಟುತ್ತದೆ. ಲೆಕ್ಕ ನೀವೇ ಹಾಕಿ. ನನ್ನ ಸ್ಟುಡಿಯೋದಲ್ಲಿ ತಾಳವಾದ್ಯಗಳ ಕೆಲಸ ಸಂಜೆ ಏಳಕ್ಕೆ ಮುಗಿಯಲೇಬೇಕು.

ಕರೆಂಟು

ಗೋಡೆ ಮುಚ್ಚುವ ಮುಂಚೆ ವೈರಿಂಗ್ ಮುಗಿಸಿ. ಆಮೇಲೆ ಗೋಡೆ ಒಡೆಯೋಕೆ ಯಾರಿಗೂ ಮನಸ್ಸು ಬರಲ್ಲ.

ಹೆಡ್‌ಫೋನಿನಲ್ಲಿ ಸಣ್ಣಗೆ 'ಮ್‌ಮ್' ಅಂತ ಕೇಳುತ್ತಿದೆಯಾ? ನಮ್ಮ ಕರೆಂಟು 50 ಹರ್ಟ್ಸ್. ಆ ಹಮ್ ಸಾಮಾನ್ಯವಾಗಿ 50ರಲ್ಲಿ, 100ರಲ್ಲಿ ಕೂರುತ್ತದೆ. ಮಲ್ಟಿಮೀಟರ್ ತಗೊಂಡು ಸಾಕೆಟ್ಟಿನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಎಷ್ಟು ವೋಲ್ಟ್ ಇದೆ ನೋಡಿ. ಎರಡು ಮೂರು ವೋಲ್ಟಿನೊಳಗೆ ಇದ್ದರೆ ಪರವಾಗಿಲ್ಲ. ಹತ್ತು ಹದಿನೈದು ತೋರಿಸಿದರೆ ಅರ್ತಿಂಗ್ ಕಡೆ ಗಮನ ಕೊಡಬೇಕು. ಹಳೇ ಮನೆಗಳಲ್ಲಿ ಇದ್ದಿಲು, ಉಪ್ಪು ಹಾಕಿದ ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿ ಹೋಗಿರುತ್ತದೆ. ನೀರು ಹಾಕಿ ನೋಡಿ. ಆಗಲಿಲ್ಲ ಅಂದರೆ ಹೊಸದು ಹಾಕಿಸಿ.

ಮೈನ್ ಬೋರ್ಡಿನಿಂದಲೇ ಆಡಿಯೋ ಸಾಮಾನಿಗೆ ಬೇರೆ ಲೈನ್ ಎಳೆಸಿ, 2.5 ಚದರ ಮಿಲಿಮೀಟರ್ ತಂತಿ ಸಾಕು. ಎಸಿಗೆ ಬೇರೆ ಲೈನ್, ಬೇರೆ ಎಂಸಿಬಿ. ಲೈಟು ಫ್ಯಾನಿಗೆ ಇನ್ನೊಂದು. ಕಂಪ್ಯೂಟರ್, ಇಂಟರ್‌ಫೇಸ್, ಸ್ಪೀಕರ್ ಎಲ್ಲಾ ಒಂದೇ ಜಾಗದಿಂದ ಕರೆಂಟ್ ತಗೊಂಡರೆ ಗ್ರೌಂಡ್ ಲೂಪಿನ (ಬೇರೆ ಬೇರೆ ಅರ್ತ್ ದಾರಿಗಳು ಸೇರಿ ಹಮ್ ಎಬ್ಬಿಸುವುದು) ಕಾಟ ಅರ್ಧ ತಪ್ಪುತ್ತದೆ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲಿ. ಹಮ್ ನಿಲ್ಲಿಸೋಕೆ ಅಂತ ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಹಾಕುವವರಿದ್ದಾರೆ. ದಯವಿಟ್ಟು ಬೇಡ. ಹಾಡುವವರ ತುಟಿ ಮೈಕಿಗೆ ತಾಗಿರುತ್ತದೆ, ಕೈಯಲ್ಲಿ ಬೆವರಿರುತ್ತದೆ.

ಎಲ್‌ಇಡಿ ಡಿಮ್ಮರ್ ಹಾಕಿಸಬೇಡಿ, ಗಿಟಾರ್ ಪಿಕಪ್ಪಿನಲ್ಲಿ ಅದರ ಗುಂಯ್‌ಗುಟ್ಟುವಿಕೆ ಕೇಳುತ್ತದೆ. ಯುಪಿಎಸ್ ಸೈನ್ ವೇವ್‌ನದ್ದೇ ಆಗಿರಲಿ. ಎಸಿ ಸೇರಿಸಿದರೆ ಮಂಜೂರಾದ ಲೋಡ್ ಸಾಕಾಗುತ್ತದಾ ಅಂತ ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಆಫೀಸಿನಲ್ಲಿ ಒಮ್ಮೆ ಕೇಳಿ. ಸ್ಟುಡಿಯೋದಿಂದ ದುಡಿಯುತ್ತಿದ್ದರೆ ಮೀಟರ್ ಯಾವ ದರಕ್ಕೆ ಬರುತ್ತದೆ ಅನ್ನೋದನ್ನೂ ಆಗಲೇ ತಿಳಿದುಕೊಳ್ಳಿ.

ಬಾಗಿಲು

ಸದ್ದು ತಡೆಯುವ ವಿಷಯದಲ್ಲಿ ನನಗೆ ಗೊತ್ತಿರೋ ಅತಿ ಅಗ್ಗದ ಕೆಲಸ ಬಾಗಿಲಿನದ್ದು. ತೂತು ಬಿಂದಿಗೆಗೆ ಎಷ್ಟು ದಪ್ಪ ತಾಮ್ರ ಇದ್ದರೇನು? ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಇದ್ದರೂ ಬಾಗಿಲ ಕೆಳಗೆ ಅರ್ಧ ಇಂಚು ಸಂದಿ ಇದ್ದರೆ ಸದ್ದೆಲ್ಲ ಅಲ್ಲಿಂದಲೇ.

ಪೊಳ್ಳು ಬಾಗಿಲು ತೆಗೆದು ಗಟ್ಟಿ ಫ್ಲಶ್ ಡೋರ್ ಹಾಕಿಸಿ. 35 ಮಿಲಿಮೀಟರ್ ಸಿಗುತ್ತದೆ. ಅದರ ಮೇಲೆ ಇನ್ನೊಂದು 18 ಮಿಲಿಮೀಟರ್ ಪ್ಲೈವುಡ್ ಅಂಟಿಸಿ ಸ್ಕ್ರೂ ಹೊಡೆಸಿದರೆ ಇನ್ನೂ ಒಳ್ಳೇದು. ತೂಕ ಜಾಸ್ತಿ ಆಗುವುದರಿಂದ ಮೂರರ ಬದಲು ನಾಲ್ಕು ಕೀಲು ಬೇಕು. ಚೌಕಟ್ಟಿನ ಮೂರೂ ಕಡೆ ರಬ್ಬರ್ ಗ್ಯಾಸ್ಕೆಟ್. ಕೆಳಗೆ ಹೊಸಿಲು ಇಡಿಸಿ, ಅದರ ಮೇಲೂ ಗ್ಯಾಸ್ಕೆಟ್ ಬರಲಿ. ಹೊಸಿಲು ಇಡೋದು ನಮ್ಮ ಮನೆಗಳಲ್ಲಿ ಹೊಸದೇನಲ್ಲ, ಆಚಾರ್ರಿಗೆ ವಿವರಿಸಿ ಹೇಳಬೇಕಾಗಿಯೂ ಇಲ್ಲ. ಮೇಲಾಗಿ ಅದು ಸದ್ದಿಗೂ ಅಡ್ಡ.

ಪರೀಕ್ಷೆ ಹೀಗೆ. ರಾತ್ರಿ ಲೈಟ್ ಆಫ್ ಮಾಡಿ ಒಳಗೆ ನಿಂತುಕೊಳ್ಳಿ. ಹೊರಗಿನಿಂದ ಯಾರಾದರೂ ಮೊಬೈಲ್ ಟಾರ್ಚನ್ನು ಚೌಕಟ್ಟಿನ ಸುತ್ತ ಓಡಿಸಲಿ. ಬೆಳಕು ಕಂಡಲ್ಲೆಲ್ಲ ಸದ್ದಿಗೆ ದಾರಿ ಇದೆ ಅಂತ ಅರ್ಥ. ಬೆಳಕು ಕಾಣದಿದ್ದರೆ, ಗ್ಯಾಸ್ಕೆಟ್ ಜಾಗದಲ್ಲಿ ಒಂದು ಪೇಪರ್ ಚೂರು ಇಟ್ಟು ಬಾಗಿಲು ಹಾಕಿ, ಎಳೆದು ನೋಡಿ. ಸಲೀಸಾಗಿ ಬಂದರೆ ಅಲ್ಲಿ ಒತ್ತುತ್ತಿಲ್ಲ. ಚಿಲಕದ ಜಾಗ ಸ್ವಲ್ಪ ಸರಿಸಬೇಕು. ಜಾಗ ಇದ್ದರೆ ನಾಲ್ಕು ಅಡಿ ಬಿಟ್ಟು ಎರಡನೇ ಬಾಗಿಲು ಹಾಕಿಸಿ. ಒಂದು ಭಾರೀ ಬಾಗಿಲಿಗಿಂತ ಎರಡು ಸಾಧಾರಣ ಬಾಗಿಲು ಮೇಲು. ನಡುವಿನ ಜಾಗ ಚಪ್ಪಲಿ ಬಿಡೋಕೆ ಆಗುತ್ತದೆ.

ಕಿಟಕಿಗಳಲ್ಲಿ ಒಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಇಟ್ಟಿಗೆ ಇಟ್ಟು ಎರಡೂ ಕಡೆ ಗಾರೆ ಮಾಡಿಸಿ. ಬೆಂಕಿ ಬಿದ್ದರೆ ಹೊರಗೆ ಹಾರೋಕೆ ಉಳಿದ ಕಿಟಕಿಗೆ ಬಿಚ್ಚಬಹುದಾದ ಗ್ರಿಲ್ ಇರಲಿ. ಅದಕ್ಕೆ ಎರಡು ಗಾಜು: ಒಂದು 6 ಮಿಲಿಮೀಟರ್, ಇನ್ನೊಂದು 10 ಅಥವಾ 12. ಎರಡೂ ಒಂದೇ ದಪ್ಪ ಇದ್ದರೆ ಎರಡೂ ಒಂದೇ ಸ್ವರಕ್ಕೆ ಕಂಪಿಸಿ ಸದ್ದು ಬಿಟ್ಟುಕೊಡುತ್ತವೆ. ನಡುವೆ ಕನಿಷ್ಠ ನಾಲ್ಕು ಇಂಚು ಅಂತರ.

ನಾಲ್ಕೂವರೆ ಇಂಚಿನ ತೆಳು ಗೋಡೆ ರಸ್ತೆ ಕಡೆಗಿದ್ದರೆ ಮಾತ್ರ ಒಳಗೆ ಇನ್ನೊಂದು ಗೋಡೆ ಯೋಚಿಸಿ. ಹಳೇ ಗೋಡೆಗೆ ತಾಗದ ಹಾಗೆ ಕಬ್ಬಿಣದ ಚೌಕಟ್ಟು, ನಡುವೆ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಮೇಲೆ 12.5 ಮಿಲಿಮೀಟರ್ ಜಿಪ್ಸಂ ಬೋರ್ಡು ಎರಡು ಪದರ, ಒಂದರ ಜಾಯಿಂಟ್ ಮೇಲೆ ಇನ್ನೊಂದರ ಜಾಯಿಂಟ್ ಬರಬಾರದು. ವೈರ್ ಹೋಗುವ ತೂತು, ಎಸಿ ಪೈಪಿನ ತೂತು, ಸ್ವಿಚ್ ಬಾಕ್ಸಿನ ಹಿಂಭಾಗ, ಎಲ್ಲಕ್ಕೂ ಒಣಗಿದ ಮೇಲೂ ಮೆತ್ತಗೇ ಇರುವ ಸೀಲೆಂಟ್ ಹಾಕಿಸಿ. ಮೊಟ್ಟೆ ಟ್ರೇ ಅಂಟಿಸೋದರಿಂದ ಸದ್ದು ನಿಲ್ಲಲ್ಲ. ಮೊಟ್ಟೆಗೆ ಬಿಟ್ಟು ಬೇರೆ ಯಾವುದಕ್ಕೂ ಅದು ಪ್ರಯೋಜನ ಇಲ್ಲ.

ಗಾಳಿ

ಎಲ್ಲಾ ಸಂದಿ ಮುಚ್ಚಿದ ಮೇಲೆ ಉಸಿರಾಡೋದು ಹೇಗೆ? ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಬಿಡುತ್ತದೆ, ಹೊಸ ಗಾಳಿ ತರಲ್ಲ. ಭಜನೆ ಮಂಡಳಿಯ ಎಂಟು ಜನ ಒಂದು ಗಂಟೆ ಕೂತರೆ ಎಲ್ಲರಿಗೂ ತಲೆ ಹಿಡಿದುಕೊಳ್ಳುತ್ತದೆ. ಶ್ರುತಿ ಇಳಿಯುತ್ತದೆ. ಅದಕ್ಕೆ ಹಾಡಿದವರನ್ನು ಬೈದು ಫಲವಿಲ್ಲ.

ಪ್ಲೈವುಡ್‌ನಲ್ಲಿ ಎರಡು ಉದ್ದ ಪೆಟ್ಟಿಗೆ ಮಾಡಿಸಿ. ಒಂದು ಗಾಳಿ ಒಳಗೆ ಬರೋಕೆ, ಒಂದು ಹೊರಗೆ ಹೋಗೋಕೆ. ಪೆಟ್ಟಿಗೆಯೊಳಗೆ ಗಾಳಿ ಎರಡು ಮೂರು ಸಲ ತಿರುಗಿ ಹೋಗುವ ಹಾಗೆ ಅಡ್ಡ ಹಲಗೆ ಇರಲಿ, ಒಳಮೈಗೆಲ್ಲ ಬಟ್ಟೆ ಹೊದಿಸಿದ ಒಂದು ಇಂಚಿನ ರಾಕ್‌ವೂಲ್. ಗಾಳಿ ತಿರುಗಿ ಹೋಗುತ್ತದೆ, ಸದ್ದು ತಿರುವಿನಲ್ಲಿ ಸಾಯುತ್ತದೆ. ಫ್ಯಾನ್ ಹೊರಗಿನ ತುದಿಯಲ್ಲಿರಲಿ. ಬಾಯಿ ಅಗಲವಾಗಿರಲಿ, ಗಾಳಿ ನಿಧಾನಕ್ಕೆ ಬರಲಿ. ಕಿರಿದಾದ ಬಾಯಿಯಿಂದ ಜೋರಾಗಿ ಬಂದರೆ ಆ ಗಾಳಿಯೇ ಸದ್ದು ಮಾಡುತ್ತದೆ.

ಎರಡೂ ಬಾಯಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಕಡ್ಡಾಯ. ನಮ್ಮ ಆಚಾರ್ರು ಪೆಟ್ಟಿಗೆ ನೋಡಿದ ಕೂಡಲೇ ಅಂದ ಮಾತು: "ಸಾ, ಇಂಗೇ ಬುಟ್ರೆ ಇಲಿ ಸಂಸಾರ ಮಾಡ್ತವೆ." ಇಲಿ ಒಂದೇ ಅಲ್ಲ, ಹಲ್ಲಿ ಕೂಡ. ಆಲಾಪನೆ ಮುಗಿದು ಮೌನ ಬಂದ ಜಾಗದಲ್ಲಿ ಹಲ್ಲಿ ಲೊಚಗುಟ್ಟಿದರೆ ಎಡಿಟ್ ಮಾಡೋಕೆ ಕಷ್ಟ. ಮನೆಯ ಹಿರಿಯರು ಅದನ್ನು ಶುಭ ಅನ್ನಬಹುದು, ಹಾಡಿದವರು ಅನ್ನಲ್ಲ.

ಎಸಿಯ ಒಳಗಿನ ಯೂನಿಟ್ ಮೈಕ್ ನಿಲ್ಲುವ ಜಾಗದಿಂದ ದೂರ ಇರಲಿ. ಅದರ ನೀರಿನ ಪೈಪಿಗೆ ಇಳಿಜಾರು ಸರಿಯಿಲ್ಲದಿದ್ದರೆ ತೊಟ್ಟಿಕ್ಕುವ ಸದ್ದು ಬರುತ್ತದೆ. ಟೇಕ್‌ಗೆ ಮುಂಚೆ ರೂಮು ತಣ್ಣಗೆ ಮಾಡಿಟ್ಟು, ಟೇಕ್‌ನಲ್ಲಿ ಆಫ್ ಮಾಡೋದು ನನ್ನ ಕ್ರಮ.

ರೂಮಿನ ನಾದ

ಇಲ್ಲಿಯವರೆಗೆ ಹೇಳಿದ್ದು ಸದ್ದು ತಡೆಯೋದು. ಇನ್ನು ರೂಮಿನೊಳಗಿನ ನಾದ ಸರಿ ಮಾಡೋದು. ಇವೆರಡೂ ಬೇರೆ ಬೇರೆ ಕೆಲಸ. ಗೋಡೆಗೆ ಫೋಮ್ ಅಂಟಿಸಿದರೆ ಪಕ್ಕದ ಮನೆಗೆ ಸದ್ದು ಹೋಗೋದು ನಿಲ್ಲಲ್ಲ.

ನಮ್ಮ ಮನೆಗಳ ದೊಡ್ಡ ಶತ್ರು ಹತ್ತಕ್ಕೆ ಹತ್ತರ ರೂಮು. ಉದ್ದ 10 ಅಡಿ, ಅಗಲ 10 ಅಡಿ, ಎತ್ತರವೂ 10 ಅಡಿ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಹೋಗುತ್ತದೆ. ಅದನ್ನು ಗೋಡೆಗಳ ನಡುವಿನ ಅಂತರದ ಎರಡರಷ್ಟರಿಂದ ಭಾಗಿಸಿದರೆ ಆ ರೂಮು ಯಾವ ಸ್ವರಕ್ಕೆ ಗುಂಯ್ ಅನ್ನುತ್ತದೆ ಅಂತ ಗೊತ್ತಾಗುತ್ತದೆ. 10 ಅಡಿಗೆ 56.5 ಹರ್ಟ್ಸ್. ಮೂರೂ ದಿಕ್ಕಿನಲ್ಲಿ ಅದೇ 56.5. ಅದರ ಎರಡರಷ್ಟು 113, ಮೂರರಷ್ಟು 170, ಅಲ್ಲೂ ಮೂರೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಗಂಡಸರ ದನಿ, ಮೃದಂಗದ ತೊಪ್ಪಿ, ಡೋಲು, ಎಲ್ಲಾ ಅಲ್ಲಿಯೇ ಓಡಾಡೋದು. ಕಾರಿನಲ್ಲಿ ಬೇಸ್ ಜಾಸ್ತಿ ಕೇಳೋದಕ್ಕೂ ಕಾರಣ ಇಲ್ಲಿದೆ: ನೀವು ಕೂತ ಜಾಗದಲ್ಲಿ ಆ ಸ್ವರ ತಗ್ಗಿರುತ್ತದೆ, ನೀವು ಏರಿಸುತ್ತಾ ಹೋಗಿರುತ್ತೀರಿ.

ಮನೆಯಲ್ಲಿ ಆಯ್ಕೆ ಇದ್ದರೆ 14ಕ್ಕೆ 11ರಂಥ ರೂಮು ತಗೊಳ್ಳಿ. ಆಗ ಎತ್ತರ 10 ಅಡಿಯೇ ಇದ್ದರೂ ಸುಮಾರು 40, 51, 56 ಅಂತ ಸ್ವಲ್ಪ ಹರಡಿಕೊಳ್ಳುತ್ತದೆ. ಆ ರೂಮನ್ನು ಗಾಜಿನ ಗೋಡೆ ಹಾಕಿ ಎರಡು ಭಾಗ ಮಾಡುವ ಆಸೆ ಬೇಡ. ಎರಡು ಗೂಡಿಗಿಂತ ಒಂದು ಒಳ್ಳೇ ರೂಮು ವಾಸಿ. ಹಾಡುವವರೂ ನೀವೂ ಒಂದೇ ಕಡೆ ಇದ್ದು ಹೆಡ್‌ಫೋನ್ ಹಾಕಿಕೊಂಡು ಕೆಲಸ ಮಾಡಬಹುದು. ಹೊಸಬರಿಗೆ ಧೈರ್ಯವೂ ಬರುತ್ತದೆ. ಕಂಪ್ಯೂಟರಿನ ಫ್ಯಾನ್ ಸದ್ದು ಕಾಟ ಕೊಟ್ಟರೆ ಕಂಪ್ಯೂಟರನ್ನು ಪಕ್ಕದ ರೂಮಿಗೆ ಸಾಗಿಸಿ. ಸಾದಾ ಯುಎಸ್‌ಬಿ 2 ಕೇಬಲ್ 5 ಮೀಟರಿನವರೆಗೆ ನಡೆಯುತ್ತದೆ.

ಸ್ಪೀಕರ್ ರೂಮಿನ ಉದ್ದಕ್ಕೆ ಮುಖ ಮಾಡಿರಲಿ. ಎಡಕ್ಕೂ ಬಲಕ್ಕೂ ಗೋಡೆ ಸಮ ದೂರ. ಎರಡು ಸ್ಪೀಕರ್, ನಿಮ್ಮ ತಲೆ, ಮೂರೂ ಸೇರಿ ಸಮಭುಜ ತ್ರಿಕೋನ. ಕುರ್ಚಿ ರೂಮಿನ ನಟ್ಟನಡುವೆ ಬೇಡ, ಮುಂದಿನ ಗೋಡೆಯಿಂದ ಉದ್ದದ ನೂರಕ್ಕೆ 38ರಷ್ಟು ದೂರದಲ್ಲಿ ಶುರು ಮಾಡಿ, ಅಲ್ಲಿಂದ ಹಿಂದೆ ಮುಂದೆ ಸರಿಸಿ ನೋಡಿ.

ಈಗ ರೂಮಿನೊಳಗಿನ ಸದ್ದು ಹೀರುವ ಪ್ಯಾನೆಲ್. ಇದನ್ನು ಮನೆಯಲ್ಲೇ ಮಾಡಬಹುದು. ಸಾಮಿಲ್ಲಿನಿಂದ ಸಿಲ್ವರ್ ಓಕ್ ಪಟ್ಟಿ ತನ್ನಿ, ನಾಲ್ಕು ಇಂಚು ಅಗಲ, ಒಂದು ಇಂಚು ದಪ್ಪ. ನೀಲಗಿರಿ ಮರ ಅಗ್ಗ, ಆದರೆ ಒಣಗುತ್ತಾ ತಿರುಚಿಕೊಳ್ಳುತ್ತದೆ. ಗೆದ್ದಲಿನ ಎಣ್ಣೆ ಹೊಡೆದು ಒಣಗಿಸಿ. ನಾಲ್ಕು ಅಡಿ ಎತ್ತರ ಎರಡು ಅಡಿ ಅಗಲದ ಚೌಕಟ್ಟು ಮಾಡಿ, ಒಳಗೆ 48 ಅಥವಾ 64 ಸಾಂದ್ರತೆಯ (ಘನ ಮೀಟರಿಗೆ ಅಷ್ಟು ಕಿಲೋ) ರಾಕ್‌ವೂಲ್ ಎರಡು ಇಂಚಿನದ್ದು ಎರಡು ಪದರ. ಕತ್ತರಿಸುವಾಗ ತುಂಬು ತೋಳಿನ ಅಂಗಿ, ಗ್ಲೌಸ್, ಮಾಸ್ಕ್ ಇರಲಿ. ಇಲ್ಲದಿದ್ದರೆ ರಾತ್ರಿಯೆಲ್ಲ ಕೆರೆತ. ಹಿಂಭಾಗಕ್ಕೂ ತೆಳು ಬಟ್ಟೆ ಹೊಡೆಯಿರಿ, ಎಳೆ ಉದುರಬಾರದು.

ಮುಂಭಾಗದ ಬಟ್ಟೆಗೆ ಒಂದೇ ಪರೀಕ್ಷೆ: ಬಾಯಿಗೆ ಹಿಡಿದು ಊದಿ. ಉಸಿರು ಸಲೀಸಾಗಿ ಆಚೆ ಹೋದರೆ ಸದ್ದೂ ಹೋಗುತ್ತದೆ. ರೆಕ್ಸಿನ್, ದಪ್ಪ ಸೋಫಾ ಬಟ್ಟೆ ಆಗಲ್ಲ. ನನಗೆ ಖಾದಿ ಇಷ್ಟ. ನಂಜನಗೂಡು ಕಡೆಯ ಬದನವಾಳಿನಲ್ಲಿ ನೇಯುತ್ತಾರೆ. ಎಳೆ ಬಿಡಿಬಿಡಿಯಾಗಿರುವ ಬಟ್ಟೆ ಆರಿಸಿದರೆ ಆಯಿತು. ಬಣ್ಣವೂ ಕಣ್ಣಿಗೆ ಹಿತ.

ಬಟ್ಟೆ ಅಂದಾಗ ಬೆಂಕಿಯ ಮಾತು ಹೇಳಲೇಬೇಕು. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರುವರಿ 8ರಂದು ಟಿವಿ ಧಾರಾವಾಹಿಯ ಚಿತ್ರೀಕರಣ ನಡೆಯುವಾಗ ಬೆಂಕಿ ಬಿತ್ತು. 60ಕ್ಕೂ ಹೆಚ್ಚು ಜನ ತೀರಿಕೊಂಡರು. ಗೋಡೆಗೆ ಹೊದಿಸಿದ್ದ ಗೋಣಿಚೀಲ, ಸಡಿಲ ವೈರಿಂಗ್, ಗಾಳಿಗೆ ದಾರಿ ಇಲ್ಲದ್ದು, ಎಲ್ಲವೂ ಆಗ ಮಾತಿಗೆ ಬಂದವು. ನಮ್ಮ ಭಾಗದವರು ಇದನ್ನು ಮರೆಯಬಾರದು. ಗೋಣಿ ಅಗ್ಗ, ಸದ್ದೂ ಹೀರುತ್ತದೆ, ಆದರೆ ನನ್ನ ಗೋಡೆ ಮೇಲೆ ಬೇಡ. ಪ್ಯಾಕಿಂಗ್ ಫೋಮ್ ಅದಕ್ಕಿಂತ ಕೆಟ್ಟದ್ದು, ಹೊತ್ತಿಕೊಂಡರೆ ಬರೋದು ವಿಷದ ಹೊಗೆ. ರಾಕ್‌ವೂಲ್ ಕಲ್ಲಿನ ನಾರು, ಹೊತ್ತಿಕೊಳ್ಳಲ್ಲ. ಮೇಲಿನ ಬಟ್ಟೆ ಹೊತ್ತಿಕೊಳ್ಳುತ್ತದೆ, ಹಾಗಾಗಿ ಬೆಂಕಿ ನಿರೋಧಕ ದ್ರಾವಣ ಸಿಂಪಡಿಸಿ ಒಣಗಿಸಿ. ಪ್ಯಾನೆಲ್ಲಿಗೆ ತಾಗುವ ಹಾಗೆ ಯಾವ ಲೈಟೂ ಬೇಡ. ಬಾಗಿಲ ಹತ್ತಿರ ಒಂದು ಸಿಒ2 ಸಿಲಿಂಡರ್. ಬಾಗಿಲು ಒಳಗಿನಿಂದ ಕೀ ಇಲ್ಲದೆ ತೆಗೆಯುವಂತಿರಬೇಕು.

ಪ್ಯಾನೆಲ್ ಎಲ್ಲಿ ಹಾಕಬೇಕು? ಮೊದಲು ನಾಲ್ಕು ಮೂಲೆಗಳು, ನೆಲದಿಂದ ಸೂರಿನವರೆಗೆ, ಮೂಲೆಗೆ ಅಡ್ಡಲಾಗಿ. ದಪ್ಪ ಸ್ವರಗಳು ಮೂಲೆಯಲ್ಲೇ ಗುಡ್ಡೆ ಬೀಳೋದು. ಆಮೇಲೆ ನೀವು ಕುರ್ಚಿಯಲ್ಲಿ ಕೂತು, ಇನ್ನೊಬ್ಬರು ಪಕ್ಕದ ಗೋಡೆ ಮೇಲೆ ಕನ್ನಡಿ ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗಕ್ಕೆ ಒಂದು ಪ್ಯಾನೆಲ್. ತಲೆ ಮೇಲೆ ಸೂರಿಗೂ ಹೀಗೇ ನೋಡಿ, ಅಲ್ಲಿ ಒಂದು ತೂಗು ಹಾಕಿ. ಆರ್‌ಸಿಸಿಗೆ ಆಂಕರ್ ಬೋಲ್ಟ್ ಹೊಡೆದು ಚೈನಿನಲ್ಲಿ ಕಟ್ಟಿ, ಮೊಳೆಯ ಮೇಲೆ ಭರವಸೆ ಇಡಬೇಡಿ. ಗೋಡೆಗೂ ಪ್ಯಾನೆಲ್ಲಿಗೂ ನಡುವೆ ಎರಡರಿಂದ ನಾಲ್ಕು ಇಂಚು ಜಾಗ ಬಿಟ್ಟರೆ ಅದೇ ದಪ್ಪಕ್ಕೆ ಇನ್ನೂ ಕೆಳಗಿನ ಸ್ವರ ಹಿಡಿಯುತ್ತದೆ.

ಗೋಡೆ ಪೂರ್ತಿ ಮುಚ್ಚಬೇಡಿ. ಕಾರ್ಪೆಟ್ ಅಂಟಿಸಿದ ಎಷ್ಟೋ ಸ್ಟುಡಿಯೋಗಳಲ್ಲಿ ಮೇಲಿನ ಸ್ವರವೆಲ್ಲ ಸತ್ತು, ಕೆಳಗಿನ ಗುಂಯ್ ಹಾಗೇ ಉಳಿದಿರುತ್ತದೆ. ಹಾರ್ಮೋನಿಯಂ ಅಲ್ಲಿ ಮೂಗಿನಲ್ಲಿ ಮಾತಾಡುತ್ತದೆ. ಹಿಂದಿನ ಗೋಡೆಯಲ್ಲಿ ಒಂದು ಭಾಗ ಬರೀ ಗೋಡೆ ಇರಲಿ, ಇನ್ನೊಂದು ಭಾಗದಲ್ಲಿ ಪುಸ್ತಕದ ಕಪಾಟು ಅಥವಾ ಅಂತರ ಬಿಟ್ಟು ಹೊಡೆದ ಮರದ ಪಟ್ಟಿ.

ರೂಮ್ ಇಕ್ಯೂ ವಿಜಾರ್ಡ್ ಅನ್ನೋ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅಳತೆ ಮೈಕ್ ಯಾರದ್ದಾದರೂ ಎರವಲು ತಗೊಂಡು ನೋಡಿ. ಸಣ್ಣ ರೂಮಿನಲ್ಲಿ ಪ್ರತಿಧ್ವನಿ 0.2ರಿಂದ 0.4 ಸೆಕೆಂಡಿನಲ್ಲಿ ಅಡಗಿದರೆ ಸಾಕು. ಅದಕ್ಕಿಂತ ಮುಖ್ಯವಾಗಿ ಎಲ್ಲಾ ಸ್ವರಗಳಲ್ಲೂ ಹೆಚ್ಚುಕಮ್ಮಿ ಒಂದೇ ಸಮ ಇರಬೇಕು. ಮೈಕ್ ಇಲ್ಲದಿದ್ದರೆ ದಿನಪತ್ರಿಕೆ ಹಿಡಿದು ರೂಮಿನ ಬೇರೆ ಬೇರೆ ಕಡೆ ನಿಂತು ಜೋರಾಗಿ ಓದಿ, ರೆಕಾರ್ಡ್ ಮಾಡಿ ಕೇಳಿ. ದನಿ ಎಲ್ಲಿ ನಿಮ್ಮದೇ ಅನ್ನಿಸುತ್ತದೋ ಅಲ್ಲಿ ನೆಲಕ್ಕೆ ಒಂದು ಟೇಪಿನ ಗುರುತು ಹಾಕಿ. ಹಾಡುವವರ ಜಾಗ ಅದೇ.

ಬರುವವರಿಗೆ ತಕ್ಕ ಹಾಗೆ

ಕರ್ನಾಟಕ ಸಂಗೀತದವರು, ಭಜನೆಯವರು, ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು ನೆಲದ ಮೇಲೆ ಕೂರುತ್ತಾರೆ. ಅವರನ್ನು ಸ್ಟೂಲ್ ಮೇಲೆ ಕೂರಿಸಿದರೆ ಅರ್ಧ ಕಲೆ ಕೆಳಗೇ ಉಳಿಯುತ್ತದೆ. ಹಾಗಾಗಿ ಗಿಡ್ಡ ಮೈಕ್ ಸ್ಟ್ಯಾಂಡ್ ನಾಲ್ಕಾದರೂ ಬೇಕು. ಮೂಲೆಯವು ಬಿಟ್ಟು ಗೋಡೆಯ ಪ್ಯಾನೆಲ್ಲುಗಳು ಕುರ್ಚಿಯ ಎತ್ತರದಿಂದ ಶುರುವಾಗದೆ ನೆಲದಿಂದ ಒಂದಡಿ ಎತ್ತರಕ್ಕೇ ಶುರುವಾಗಲಿ. ಎರಡು ರೂಮಿನ ಸ್ಟುಡಿಯೋ ಆಗಿದ್ದರೆ ನಡುವಿನ ಗಾಜು ಒಂದೂವರೆ ಅಡಿ ಎತ್ತರದಿಂದಲೇ ಬರಲಿ, ಮೃದಂಗದವರ ಮುಖ ಕಾಣಬೇಕಲ್ವಾ? ನೆಲಕ್ಕೆ ಜಮಖಾನ. ಮೃದಂಗದ ತೊಪ್ಪಿಗೆ ರವೆ ಕಲಸಿ ಹಚ್ಚುತ್ತಾರೆ, ಅದಕ್ಕೊಂದು ತಟ್ಟೆ, ನೀರು, ಒರೆಸೋಕೆ ಬಟ್ಟೆ ಮೊದಲೇ ಇಟ್ಟಿರಿ.

ನಾಟಕದವರು ಬಯಲಿನಲ್ಲಿ ಕೊನೇ ಸಾಲಿಗೆ ಕೇಳಿಸುವಂತೆ ಹಾಡಿ ಅಭ್ಯಾಸ ಇರುವವರು. "ಸ್ವಲ್ಪ ಮೆಲ್ಲಗೆ ಹಾಡಿ ಅಣ್ಣ" ಅಂದರೆ ಪಾತ್ರವೇ ಇಳಿದುಹೋಗುತ್ತದೆ. ಅವರ ದನಿ ಹಾಗೇ ಇರಲಿ, ಮೈಕನ್ನು ಒಂದೂವರೆ ಅಡಿ ಹಿಂದೆ ಸರಿಸಿ, ಮೈಕಿನಲ್ಲಿ ಪ್ಯಾಡ್ ಸ್ವಿಚ್ (ಜೋರು ಸದ್ದನ್ನು ತಗ್ಗಿಸುವಂಥದ್ದು) ಇದ್ದರೆ ಹಾಕಿ. ಮೈಕ್ ದೂರ ಹೋದಷ್ಟೂ ರೂಮಿನ ನಾದ ಜಾಸ್ತಿ ಸೇರುತ್ತದೆ. ಪ್ಯಾನೆಲ್ಲಿಗೆ ಅಷ್ಟು ಕಷ್ಟಪಟ್ಟಿದ್ದು ಇದಕ್ಕೇ. ಮೇಷ್ಟ್ರ ಹಾರ್ಮೋನಿಯಂ ಕೀಬೋರ್ಡಿಗೆ ಸರಿಯಾಗಿ ಹೊಂದಲ್ಲ. ಅವರ ಷಡ್ಜವನ್ನು ಮೊದಲು ರೆಕಾರ್ಡ್ ಮಾಡಿ, ಕೀಬೋರ್ಡಿನ ಟ್ಯೂನಿಂಗ್ ಅದಕ್ಕೆ ತಿರುಗಿಸಿ. ಹಾರ್ಮೋನಿಯಂ ಬದಲಾಗಲ್ಲ, ಮೇಷ್ಟ್ರೂ ಬದಲಾಗಲ್ಲ.

ತಮಟೆಯವರು ಮೆಟ್ಟಿಲು ಹತ್ತಿದ ಕೂಡಲೇ ಕೇಳೋದು, "ಕಾಯ್ಸಕ್ಕೆ ಜಾಗ ಎಲ್ಲೈತಣ್ಣ?" ಚರ್ಮ ಬಿಸಿಯಾದರೆ ಬಿಗಿಯಾಗುತ್ತದೆ, ನಾದ ಏರುತ್ತದೆ. ಬೆಂಕಿ ಹಾಕಿ ತಮಟೆಯನ್ನು ಅದರ ಮುಂದೆ ತಿರುಗಿಸುತ್ತಾ, ನಡುನಡುವೆ ಬೆರಳಲ್ಲಿ ತಟ್ಟಿ ನೋಡುತ್ತಾರೆ. 'ದಬ್' ಅನ್ನೋದು 'ಟಣ್' ಅನ್ನೋವರೆಗೆ. ಟೆರೇಸ್ ಮೂಲೆಯಲ್ಲಿ ಒಂದು ಕಬ್ಬಿಣದ ಬಾಂಡ್ಲಿ, ಒಣಗಿದ ತೆಂಗಿನ ಗರಿ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟಿದ್ದೇನೆ. ಹೊತ್ತು ಹೋದಂತೆ ಚರ್ಮ ಮತ್ತೆ ಸಡಿಲ ಆಗುತ್ತದೆ. ಆದ್ದರಿಂದ ಮೈಕ್, ಲೆವೆಲ್, ಹೆಡ್‌ಫೋನ್ ಎಲ್ಲಾ ಮೊದಲು ಮುಗಿಸಿ, ಕಾಯಿಸಿ ತಂದ ಕೂಡಲೇ ರೆಕಾರ್ಡ್. ಇವರಿಗೆ ದುಬಾರಿ ಕಂಡೆನ್ಸರ್ ಬೇಡ, ಶ್ಯೂರ್ ಎಸ್‌ಎಂ57 ಮೈಕ್ ಓರೆಯಾಗಿ ಇಟ್ಟರೆ ಸಾಕು. ಕಂಸಾಳೆಗೆ ಲೆವೆಲ್ ಇನ್ನೂ ಇಳಿಸಿ. ಕಂಚಿನ ಆ ಏಟು ಮೀಟರಿಗೆ ಕಾಣುವ ಮೊದಲೇ ಹರಿದು ಹೋಗಿರುತ್ತದೆ.

ಕುಣಿಯುತ್ತಾ ಹಾಡುವವರು ಬಂದರೆ ಕಾಲಿನ ಏಟು ಕೆಳಗಿನ ಮನೆಗೆ ಇಳಿಯುತ್ತದೆ. ದಪ್ಪ ರಬ್ಬರ್ ತುಂಡುಗಳ ಮೇಲೆ 18 ಮಿಲಿಮೀಟರ್ ಪ್ಲೈವುಡ್ ಎರಡು ಪದರ ಇಟ್ಟು ಐದಕ್ಕೆ ಆರರ ಒಂದು ಮಣೆ ಮಾಡಿಸಿ. ಅದು ಗೋಡೆಗೆ ತಾಗಬಾರದು.

ಸಾಮಾನು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಇಂಟರ್‌ಫೇಸ್ ಕೆಲಸ ಮಾಡುತ್ತಿದ್ದರೆ ಅದನ್ನೇ ಇಟ್ಟುಕೊಳ್ಳಿ. ಮೊದಲು ನಾಲ್ಕು ಜನಕ್ಕೆ ಹೆಡ್‌ಫೋನ್ ಆಂಪ್ಲಿಫೈಯರ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನುಗಳು. ಕೇಬಲ್ಲಿಗೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಳ್ಳೇ ಕನೆಕ್ಟರ್ ತಂದು ನೀವೇ ಸೋಲ್ಡರ್ ಮಾಡಿ. ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್, 48 ಕಿಲೋಹರ್ಟ್ಸ್. ಜೋರಾದ ಕಡೆ ಮೀಟರ್ ಮೈನಸ್ 10 ಡೆಸಿಬೆಲ್ ದಾಟದಿರಲಿ. ಬಫರ್ (ಕಂಪ್ಯೂಟರ್ ಸದ್ದನ್ನು ಕೂಡಿಟ್ಟು ಕೊಡುವ ತುಣುಕು) 128 ಸ್ಯಾಂಪಲ್ ಇಟ್ಟರೆ ಒಂದು ಕಡೆಯ ತಡ ಸುಮಾರು 2.7 ಮಿಲಿಸೆಕೆಂಡ್. ಹೋಗಿ ಬರೋದು ಸೇರಿದರೆ ಜಾಸ್ತಿ. ಹಾಡುವವರಿಗೆ ಹಿಂಸೆ ಆದರೆ ಡೈರೆಕ್ಟ್ ಮಾನಿಟರಿಂಗ್ ಹಾಕಿ, ದನಿ ಕಂಪ್ಯೂಟರ್ ಸುತ್ತಿ ಬರದೆ ಇಂಟರ್‌ಫೇಸಿನಿಂದಲೇ ಹೆಡ್‌ಫೋನಿಗೆ ಬರುತ್ತದೆ. ಕೆಲಸ ಮುಗಿದ ದಿನವೇ ಎರಡು ಬೇರೆ ಡಿಸ್ಕಿಗೆ ಕಾಪಿ, ಒಂದು ಸ್ಟುಡಿಯೋದಿಂದ ಹೊರಗೆ ಇರಲಿ. ಇಷ್ಟೆಲ್ಲ ಆದ ಮೇಲೂ ದುಡ್ಡು ಉಳಿದಿದ್ದರೆ ಆ ಮೈಕು ತಗೊಳ್ಳಿ, ಬೇಡ ಅನ್ನಲ್ಲ.

ಕೊನೇ ಸುತ್ತು

ಬಣ್ಣ ಬಳಿದು, ಜಮಖಾನ ಹಾಸಿ, ಪೂಜೆ ಮಾಡಿಸಿದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಸ್ಪೀಕರಿನಲ್ಲಿ 30ರಿಂದ 200 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರುವ ಒಂದೇ ಸ್ವರ ಹಾಕಿ, ಸ್ವಲ್ಪ ಜೋರಾಗಿ. ರೂಮಿನಲ್ಲಿ ನಡೆದಾಡುತ್ತಾ ಕೇಳಿ. ಎಲ್ಲೋ ಒಂದು ಕಡೆ 'ಗ್ರ್ರ್' ಅನ್ನುತ್ತದೆ. ಟ್ಯೂಬ್‌ಲೈಟಿನ ಮುಚ್ಚಳ, ಎಸಿಯ ರೆಕ್ಕೆ, ಬಾಗಿಲ ಚಿಲಕ, ಕಪಾಟಿನ ಗಾಜು. ನಮ್ಮಲ್ಲಿ ಬಹುತೇಕ ಸಿಕ್ಕಿಬೀಳೋದು ದೇವರ ಪಟ. ಮೊಳೆಗೆ ತೂಗು ಹಾಕಿದ ಗಣಪತಿ 80 ಹರ್ಟ್ಸ್ ಹತ್ತಿರ ಗೋಡೆಗೆ ತಾಳ ಹಾಕುತ್ತಾನೆ. ಪಟದ ಹಿಂದೆ ನಾಲ್ಕು ಮೂಲೆಗೂ ಫೆಲ್ಟ್ ಬಟ್ಟೆಯ ಚೂರು ಅಂಟಿಸಿ. ಗೋಡೆ ಗಡಿಯಾರ ಟಿಕ್‌ಟಿಕ್ ಅನ್ನುತ್ತಿದ್ದರೆ ಹೊರಗೆ ಸಾಗಿಸಿ. ಸದ್ದು ಬಂದ ಜಾಗಕ್ಕೆಲ್ಲ ಟೇಪ್ ಗುರುತು ಹಾಕುತ್ತಾ ಹೋಗಿ, ಒಂದೊಂದಾಗಿ ಬಿಗಿ ಮಾಡಿ ಮತ್ತೆ ಅದೇ ಸ್ವರ ಹಾಕಿ.

ಗೋಡೆಯೊಳಗೆ ವೈರ್ ಎಲ್ಲಿ ಹೋಗಿದೆ ಅನ್ನೋದರ ಫೋಟೋ, ಉಳಿದ ಖಾದಿ ಬಟ್ಟೆ, ಎರಡು ತುಂಡು ರಾಕ್‌ವೂಲ್, ಬಾಗಿಲಿನ ಗ್ಯಾಸ್ಕೆಟ್ ಒಂದು ಸುರುಳಿ, ಇಷ್ಟನ್ನು ತೆಗೆದಿಡಿ. ಗ್ಯಾಸ್ಕೆಟ್ ವರ್ಷ ಎರಡು ವರ್ಷಕ್ಕೆ ಚಪ್ಪಟೆಯಾಗುತ್ತದೆ, ಅದನ್ನು ಬದಲಿಸೋಕೆ ಅರ್ಧ ದಿನ ಸಾಕು.